ನನ್ನ ಬೆನ್ನಿಗೆ ಬೀಳಬೇಕಿದ್ದ ಗುದ್ದು

ಹೋದ ತಿಂಗಳು ಜಗಳೂರಿನ ತವರುಮನೆಯಲ್ಲಿ ಅತ್ತಿಗೆ ಹಳೆಯ ಕಬ್ಬಿಣದ ಟ್ರಂಕು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ, ಮೆಲ್ಲಗೆ, ಕುರಿಯ ವಾಸನೆ. ಬಾಣಂತಿ ಮಗಳಿಗೆ ಹಾಸಿ ಹೊದಿಸಲು ಮೆತ್ತನೆಯ ಹಳೇ ಸೀರೆಗಳನ್ನು ಹುಡುಕುತ್ತಿದ್ದಳು ಅತ್ತಿಗೆ. ಸೀರೆಗಳ ಮಡಿಕೆಯಿಂದ ಎರಡು ಕುಲಾವಿಗಳು ಹೊರಗೆ ಬಿದ್ದವು. ಒಂದು ಹಸಿರು ರೇಷ್ಮೆಯದು, ಅಂಚಿಗೆ ಜರಿ, ನೆತ್ತಿಗೆ ಕುಚ್ಚು, ಇವತ್ತು ಹೊಲಿದಷ್ಟು ಹೊಸದು. ಇನ್ನೊಂದು ಉಣ್ಣೆಯದು, ಬಿಳಿ ಅನ್ನಬೇಕೋ ಹಳದಿ ಅನ್ನಬೇಕೋ ತಿಳಿಯದ ಬಣ್ಣ, ಒಗೆದು ಒಗೆದು ಸವೆದುಹೋಗಿತ್ತು.

ರೇಷ್ಮೆಯದು ನಾನು ಹೊಲಿದದ್ದು. ಹೊಸದಾಗಿ ಯಾಕಿತ್ತೆಂದರೆ ಅದು ಒಂದು ಗಳಿಗೆಗಿಂತ ಹೆಚ್ಚು ಯಾರ ತಲೆಯ ಮೇಲೂ ನಿಂತಿರಲಿಲ್ಲ. ಉಣ್ಣೆಯದು ನರ್ಸಮ್ಮ ಹೆಣೆದದ್ದು.

"ಇದು ಕೂಸಿಗೆ ಬೆಚ್ಚಗಿರ್ತೈತೆ" ಎಂದು ಅತ್ತಿಗೆ ಎತ್ತಿಕೊಂಡದ್ದು ಉಣ್ಣೆಯದನ್ನೇ. ಇಪ್ಪತ್ತೆಂಟು ವರ್ಷದ ಹಿಂದೆಯೂ ಅವಳ ಕೈ ಹೀಗೇ ಆ ಕಡೆಗೆ ಹೋಗಿತ್ತು. ಹೊಟ್ಟೆಕಿಚ್ಚು ನನಗೆ ಬಿಪಿ ಇದ್ದ ಹಾಗೆ. ಮಾತ್ರೆ ತಗೊಂಡರೆ ಇಳಿಯುತ್ತದೆ, ಹೋಗುವುದಿಲ್ಲ.

ನರ್ಸಮ್ಮ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದವರು. ಆಸ್ಪತ್ರೆಯಲ್ಲಿ ನರ್ಸು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಮನೆಮಾತು ತುಳು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಓಣಿಗೆಲ್ಲ ಅವರು ನರ್ಸಮ್ಮ. ನಾನೂ ಬಾಯಲ್ಲಿ 'ನರ್ಸಮ್ಮನೋರೇ' ಅನ್ನುತ್ತಿದ್ದೆ, ಮನಸ್ಸಿನೊಳಗೆ ಮಾತ್ರ 'ಅವಳು'. ನಮ್ಮದು ದಿನಾ ಲಿಂಗಪೂಜೆ ಮಾಡಿ ಉಣ್ಣುವ ಮನೆ. ಕೋಣೆ ಕೊಡುವಾಗ ಅವ್ವ ಸಾವಿರ ಕಟ್ಟುಪಾಡು ಹಾಕಿದ್ದಳಂತೆ. ಒಳಗೆ ಮೀನು ಬೇಯಿಸಬಾರದು, ಹಿತ್ತಲ ಬಾವಿಗೆ ಕೊಡ ಇಳಿಸಬಾರದು, ಇನ್ನೂ ಏನೇನೋ. ಆರು ತಿಂಗಳು ಕಳೆದು ನಾನು ಗಂಡನ ಊರು ನ್ಯಾಮತಿಯಿಂದ ತವರಿಗೆ ಬಂದಾಗ ನೋಡುತ್ತೇನೆ, ಹಿತ್ತಲ ಕಟ್ಟೆಯ ಮೇಲೆ ನರ್ಸಮ್ಮ ಕೂದಲು ಬಿಚ್ಚಿಕೊಂಡು ಕೂತಿದ್ದಾರೆ, ಹಿಂದೆ ನಮ್ಮವ್ವ ಕೂತು ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಾಳೆ. ಆ ಕಟ್ಟೆಯ ಮೇಲೆ ಅವ್ವನ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು ಬೆಳೆದವಳು ನಾನು.

ಕೈಯಲ್ಲಿದ್ದ ಚೀಲ ಇಳಿಸುವ ಮೊದಲೇ ಕೇಳಿದೆ, "ಮೀನು ತಿನ್ನೋ ಕೈ ಬಾವಿ ಹಗ್ಗ ಮುಟ್ಟಾಕೆ ಶುರು ಮಾಡೈತೇನವ್ವ?"

ಅವ್ವ ತಲೆ ಎತ್ತದೆ, "ಮುಟ್ಟಿದ್ರೆ ನೀರೇನ್ ಮೀನಾಗಿಲ್ಲ. ಕೈಕಾಲ್ ತೊಳ್ಕೊಂಡ್ ಬಾ" ಅಂದಳು. ನರ್ಸಮ್ಮ ನಕ್ಕರು. ಅವರ ನಗು ನನಗೆ ಹಿಡಿಸಲಿಲ್ಲ. ಅದರಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲವಲ್ಲ, ಅದಕ್ಕೇ ಹಿಡಿಸಲಿಲ್ಲ.

ಆಮೇಲೆ ಹೋದಾಗಲೆಲ್ಲ ಒಂದೊಂದು ನೋಡಿದೆ. ನಾನು ಉಣ್ಣುತ್ತಿದ್ದ ತಾಟಿನಲ್ಲಿ ಅವರು ಉಣ್ಣುತ್ತಿದ್ದರು. ಅಣ್ಣ ಪೇಟೆಯಿಂದ ಬರುವಾಗ ಅವರಿಗೂ ಮಂಡಕ್ಕಿ ಮೆಣಸಿನಕಾಯಿ ತರುತ್ತಿದ್ದ. ಅತ್ತಿಗೆ ಅಂತೂ ಅಡುಗೆಮನೆಯಲ್ಲಿ ಅವರ ಜೊತೆ ಗುಸುಗುಸು ಮಾತಾಡುತ್ತ, ನಾನು ಒಳಗೆ ಹೋದರೆ ಸುಮ್ಮನಾಗುತ್ತಿದ್ದಳು. ಕುರಿ ಉಣ್ಣೆ ಕತ್ತರಿಸುವ ಕಾಲದಲ್ಲಿ ನರ್ಸಮ್ಮ ಊರಾಚೆಯ ಹಟ್ಟಿಗೆ ಹೋಗಿ ಬಿಳಿ ಉಣ್ಣೆ ತರುತ್ತಿದ್ದರು. ಅಂಟುವಾಳದಲ್ಲಿ ತೊಳೆದು, ಕಂಬಳಿ ನೂಲುವ ಹೆಂಗಸರ ಹತ್ತಿರ ನೂಲಿಸಿಕೊಂಡು, ಎರಡು ಕಡ್ಡಿ ಹಿಡಿದು ಏನಾದರೊಂದು ಹೆಣೆಯುತ್ತಲೇ ಇರುತ್ತಿದ್ದರು. ಅವರು ದಾಟಿಹೋದರೆ ಆಸ್ಪತ್ರೆಯ ಫಿನಾಯಿಲ್ ಜೊತೆಗೆ ಕುರಿಯ ವಾಸನೆಯೂ ಬರುತ್ತಿತ್ತು.

ಅಷ್ಟರಲ್ಲಿ ಅತ್ತಿಗೆ ಬಸುರಿಯಾದಳು. ಅತ್ತಿಗೆಗೆ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆ ಬಾಣಂತನ ಎಲ್ಲ ನಮ್ಮ ಮನೆಯಲ್ಲೇ ಅಂತಾಯಿತು. ನನ್ನನ್ನು ನ್ಯಾಮತಿಗೆ ಕೊಟ್ಟು ಆಗಲೇ ಆರೇಳು ವರ್ಷ. ಗಂಡನದು ಬಟ್ಟೆ ಅಂಗಡಿ, ನಾನು ಅಂಗಡಿಯ ಹಿಂದೆ ಮಿಷನ್ನಿನ ಮೇಲೆ ರವಿಕೆ ಹೊಲಿಯುತ್ತಿದ್ದೆ. ಮಕ್ಕಳಿರಲಿಲ್ಲ. ಆಮೇಲೂ ಆಗಲಿಲ್ಲ, ಈಗಲೇ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲೇ ನಾನು ಒಂದು ಹೆಸರು ಆರಿಸಿಟ್ಟಿದ್ದೆ, ಮಗಳಾದರೆ ಇಡಲು. ತಾರಾ. ಚಿಕ್ಕದು, ಕರೆದರೆ ಬಾಯಿ ತುಂಬುತ್ತದೆ, ಯಾರ ನಾಲಿಗೆಯಲ್ಲೂ ಕೆಡುವುದಿಲ್ಲ. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಗಾಳಿಗೆ ಹೋಗುತ್ತದೆ ಅನ್ನುವ ಭಯ. ಮಿಷನ್ ತುಳಿಯುವಾಗ ಮನಸ್ಸಿನಲ್ಲೇ ಕರೆದುಕೊಳ್ಳುತ್ತಿದ್ದೆ.

ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲ ಹತ್ತಿರ ಕೂತು, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ, ಹೆಸರು ಹೇಳಬೇಕು. ಹೇಳುತ್ತಿದ್ದ ಹಾಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿದ್ದರೇನೇ ಹೆಸರು ಗಟ್ಟಿ. ಅಣ್ಣನಿಗೆ ನಾನೊಬ್ಬಳೇ ತಂಗಿ. ನನಗೆ ಕೂಸಿಲ್ಲದಿದ್ದರೂ ಒಂದು ಹೆಸರಿಡುವ ಹಕ್ಕಂತೂ ಇತ್ತು, ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ.

ಹೆರಿಗೆ ಕಷ್ಟವಾಯಿತು. ಕೂಸು ಅಡ್ಡ ಇತ್ತಂತೆ. ದೊಡ್ಡ ಊರಿಗೆ ಸಾಗಿಸುವಷ್ಟು ಹೊತ್ತು ಇರಲಿಲ್ಲವಂತೆ. ನರ್ಸಮ್ಮ ತಾಯಿ ಕೂಸು ಎರಡನ್ನೂ ಉಳಿಸಿದರು. ಇದನ್ನು ಅವ್ವ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ, ಪ್ರತಿ ಸಲವೂ ಹೊಸದಾಗಿ ಕಣ್ಣೊರೆಸಿಕೊಂಡು. ಹೆಣ್ಣು ಕೂಸು, ಸ್ವಾತಿ ನಕ್ಷತ್ರ ಎಂದು ನಮ್ಮ ಅಂಗಡಿಯ ಫೋನಿಗೆ ಸುದ್ದಿ ಬಂತು. ಸ್ವಾತಿಗೆ ರು, ರೇ, ರೋ, ತಾ ಅಕ್ಷರ ಬರುತ್ತದೆ ಎಂದು ಮಠದ ಅಯ್ನೋರು ಹೇಳಿದ್ದಾರೆಂದೂ ಅಣ್ಣ ಹೇಳಿದ. ತಾ ಅಂದದ್ದೊಂದೇ ನನ್ನ ಕಿವಿಯಲ್ಲಿ ಉಳಿಯಿತು.

ಆ ಎರಡು ವಾರ ನಾನು ನನ್ನ ಜೊತೆಗೇ ಜಗಳವಾಡಿದೆ. ಕೊಟ್ಟರೆ ಹೋಯಿತು, ನಾಳೆ ನನಗೇ ಮಗಳಾದರೆ? ಕೊಡದಿದ್ದರೆ, ಆಗದೇ ಹೋದರೆ? ಕೊನೆಗೆ ಹಸಿರು ರೇಷ್ಮೆಯ ತುಂಡು ತೆಗೆದು ಕುಲಾವಿ ಹೊಲಿಯಲು ಕೂತೆ. ಹೊಲಿದು ಮುಗಿಯುವ ಹೊತ್ತಿಗೆ ಕೊಟ್ಟುಬಿಡುವುದೆಂದು ಆಗಿತ್ತು. ನನ್ನ ಜೀವನದಲ್ಲಿ ನಾನು ಅಷ್ಟು ದೊಡ್ಡದನ್ನು ಯಾರಿಗೂ ಕೊಟ್ಟಿಲ್ಲ... ಕೊಡಲೂ ಇಲ್ಲ ಅನ್ನಿ.

ತೊಟ್ಟಿಲು ಹಾಕುವ ದಿನ ನಸುಕಿಗೇ ನ್ಯಾಮತಿ ಬಿಟ್ಟೆ. ಹೊನ್ನಾಳಿಗೆ ಬರುವಷ್ಟರಲ್ಲಿ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವವರೆಗೆ ಹೊಳೆಯ ಗಾಳಿ ಕುಡಿಯುತ್ತ ಮಡಿಲಲ್ಲಿ ಕುಲಾವಿ ಇಟ್ಟುಕೊಂಡು ಕೂತಿದ್ದೆ. ದಾವಣಗೆರೆಯಲ್ಲಿ ಜಗಳೂರಿನ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದರ ರುಚಿ ಗೊತ್ತಾಗಬೇಕಾದರೆ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಕೂತಿರಬೇಕು.

ಓಣಿಗೆ ಕಾಲಿಟ್ಟಾಗ ಮನೆಯೊಳಗಿಂದ ಸದ್ದು ಕೇಳಿತು. ಧಬ್, ಧಬ್, ಧಬ್. ಜೊತೆಗೆ ಹೆಂಗಸರ ನಗು. ಆ ಸದ್ದು ಯಾವುದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆ. ತೊಟ್ಟಿಲ ಪಕ್ಕದಲ್ಲಿ, ನಾನು ಕೂರಬೇಕಾದ ಮಣೆಯ ಮೇಲೆ, ನರ್ಸಮ್ಮ ಬಾಗಿ ಕೂತಿದ್ದರು. ಅವ್ವನ ಹಳದಿ ಸೀರೆ ಉಟ್ಟಿದ್ದರು. ಓಣಿಯ ಹೆಂಗಸರು ಅವರ ಬೆನ್ನಿಗೆ ಗುದ್ದುತ್ತಿದ್ದರು, ಅವರು ನಗುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನಾನು ಯಾರನ್ನೂ ಮಾತಾಡಿಸಲಿಲ್ಲ. ಹೆಂಗಸರ ನಡುವೆ ಜಾಗ ಮಾಡಿಕೊಂಡು ಹೋಗಿ, ಮುಷ್ಟಿ ಬಿಗಿಹಿಡಿದು, ಅಂಗಡಿಯ ಬಟ್ಟೆ ಥಾನು ಎತ್ತಿ ಎತ್ತಿ ರಟ್ಟೆ ಗಟ್ಟಿಯಾದವಳು ಎಷ್ಟು ಕೊಡಬಲ್ಲಳೋ ಅಷ್ಟನ್ನೂ ಸೇರಿಸಿ ಅವರ ಬೆನ್ನಿಗೊಂದು ಕೊಟ್ಟೆ. ಎಲ್ಲರ ನಗುವೂ ನಿಂತಿತು.

ನರ್ಸಮ್ಮ ಉಸಿರೆಳೆದುಕೊಂಡು ಹಿಂದೆ ತಿರುಗಿದರು. "ಅಬ್ಬ, ಇದು ಅತ್ತೆಯ ಕೈ. ಬನ್ನಿ, ಬನ್ನಿ, ನಿಮ್ಮ ಜಾಗ" ಎಂದು ಮಣೆ ಬಿಟ್ಟು ಎದ್ದರು. ಬಿಟ್ಟ ಜಾಗ ಯಾರಿಗೆ ಬೇಕು? ಹೆಸರು ಆಗಲೇ ಕೂಸಿನ ಕಿವಿಗೆ ಹೋಗಿತ್ತು. ಎರಡೆರಡು ಸಲ ಇಡಲು ಅದೇನು ಬಳೆಯೇ?

ಅಯ್ನೋರು ಹೇಳಿದ ಹೊತ್ತು ಮೀರುತ್ತಿತ್ತಂತೆ. ಯಾರು ಕೂರಬೇಕೆಂದು ಚರ್ಚೆಯಾದಾಗ ಅವ್ವನೇ, "ಸಾವಿನ ಬಾಯಿಂದ ಎಳ್ಕೊಂಡ್ ಬಂದೋಳು ಆಯಮ್ಮ, ಆಕೇನೇ ಕೂರ್ಲಿ" ಅಂದಳಂತೆ. ಇದನ್ನು ಹೇಳುವಾಗ ಅವ್ವನ ಮುಖದಲ್ಲಿ ನನ್ನ ಬಗ್ಗೆ ಒಂದು ಚೂರಾದರೂ ಅಯ್ಯೋ ಅನ್ನುವುದು ಕಾಣುತ್ತದೇನೋ ಎಂದು ಹುಡುಕಿದೆ.

"ಏನ್ ಹೆಸರಿಟ್ರಿ?" ಎಂದು ಕೇಳಿದೆ.

"ರೇಚೆಲ್" ಎಂದರು ನರ್ಸಮ್ಮ. "ರಾಚವ್ವ" ಎಂದಳು ಅವ್ವ. ಇಬ್ಬರೂ ಒಟ್ಟಿಗೇ ಅಂದದ್ದರಿಂದ ಇಬ್ಬರಿಗೂ ಇನ್ನೊಬ್ಬರದು ಕೇಳಿಸಲಿಲ್ಲ. ನಡುವೆ ನಿಂತ ನನಗೆ ಎರಡೂ ಕೇಳಿಸಿತು. ಅಯ್ನೋರು ಮಾತ್ರ "ರೇ ಬಂತಲ್ಲ, ಸರಿಯಾತು ಬಿಡ್ರಿ" ಎಂದು ಗುಗ್ಗರಿ ಬಾಯಿಗೆ ಹಾಕಿಕೊಂಡರು.

ನನ್ನ ಕುಲಾವಿ ಕೂಸಿಗೆ ತೊಡಿಸಿದರು. ಜರಿ ಚುಚ್ಚಿ ಅದು ಕಿರುಚಿತು. ಅತ್ತಿಗೆ ಮೆಲ್ಲಗೆ ಬಿಚ್ಚಿ, ನರ್ಸಮ್ಮನ ಉಣ್ಣೆ ಕುಲಾವಿ ಹಾಕಿದಳು. ಕೂಸು ಸುಮ್ಮನಾಯಿತು.

ಮರುದಿನ ಬೆಳಿಗ್ಗೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ನರ್ಸಮ್ಮ ಒಬ್ಬರೇ ಸಿಕ್ಕರು. ಬಿಡಲಿಲ್ಲ ನಾನು. ಆ ಹೆಸರಿನ ಅರ್ಥ ಏನು, ಎಲ್ಲಿಯದು, ನಮ್ಮ ಮನೆಯ ಕೂಸಿಗೆ ಯಾಕೆ ಎಂದು ಕೇಳಿದೆ. ಅವರು ಒಗೆಯುವುದನ್ನು ಬಿಟ್ಟು, ಕಲ್ಲಿನ ಮೇಲೆ ಕೂತು, ನಾನು ತಿಳಿದುಕೊಳ್ಳಲೆಂದೇ ಕೇಳುತ್ತಿದ್ದೇನೆ ಅನ್ನುವ ಹಾಗೆ ಹೇಳತೊಡಗಿದರು. ಅದು ಅವರ ಅಮ್ಮನ ಹೆಸರಂತೆ. ಶಾಲೆಯಲ್ಲಿ ಇಂಗ್ಲಿಷಿನಂತೆ ರೇಚೆಲ್, ಚರ್ಚಿನಲ್ಲಿ ಕನ್ನಡದಂತೆ ರಾಹೇಲಮ್ಮ. ಮೂಲ ಹೀಬ್ರೂ ಭಾಷೆಯದಂತೆ. ಅಲ್ಲಿ ನಡುವಿನ ಅಕ್ಷರ ಚ ಅಲ್ಲ, ಹ ಅಲ್ಲ, ಗಂಟಲ ಒಳಗಿಂದ ಬರುವ ಖ. ಅವರ ಅಪ್ಪ ಚರ್ಚಿನಲ್ಲಿ ಉಪದೇಶಿಯಾಗಿದ್ದವರು, ಅವರಿಗೆ ಇದೆಲ್ಲ ಗೊತ್ತಿತ್ತಂತೆ. ನಮ್ಮ ಓಣಿಯ ಸಾಬರು 'ಖಬರ್' ಅನ್ನುವಾಗ ಬರುತ್ತದಲ್ಲ, ಆ ಖ ಎಂದು ಎರಡು ಮೂರು ಸಲ ಅಂದು ತೋರಿಸಿದರು. ರಾಖೇಲ್. ಗಂಟಲಿಗೆ ಮುಳ್ಳು ಸಿಕ್ಕವರ ಹಾಗೆ ಕೇಳಿಸಿತು ನನಗೆ.

"ಅರ್ಥ ಹೇಳ್ರಿ" ಅಂದೆ.

"ಹೆಣ್ಣು ಕುರಿ."

ನಾನು ನಗಬೇಕೋ ಕೂಗಾಡಬೇಕೋ ತಿಳಿಯದೆ ನಿಂತೆ. "ಕುರಿಗಳೇ ತುಂಬಿರೋ ಈ ಜಗಳೂರು ಸೀಮೇಲಿ ಹುಟ್ಟಿದ ಕೂಸಿಗೆ ಕುರಿ ಅಂತ ಹೆಸರಿಡಾಕೆ ಸಮುದ್ರದ ದಂಡೆಯಿಂದ ಬರ್ಬೇಕಾಗಿತ್ತೇನ್ರಿ ನೀವು? ನಮ್ಮಲ್ಲಿ ಕುರಿ ಅಂದ್ರೆ ದಡ್ಡಿ ಅಂತ."

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅವರ ಕಾಲದಲ್ಲಿ ಕುರಿಯೇ ಸಂಪತ್ತು ಮಾರಾಯ್ತಿ, ನಿಮ್ಮಲ್ಲಿ ಇದ್ದ ಹಾಗೇ. ಹಳೇ ಕಾಲದಲ್ಲಿ ಆ ಹೆಸರಿನ ಒಬ್ಬಳಿದ್ದಳಂತೆ, ಅಪ್ಪನ ಕುರಿ ಕಾಯುತ್ತಿದ್ದವಳು. ತುಂಬ ಚೆಂದ ಇದ್ದಳಂತೆ. ಆದರೆ ಅವಳಿಗೆ..." ಅಲ್ಲಿಗೆ ನನ್ನ ಮುಖ ನೋಡಿದರು. ಮಾತು ನಿಲ್ಲಿಸಿ ಬಟ್ಟೆ ಹಿಂಡತೊಡಗಿದರು.

ಅವರು ನುಂಗಿಕೊಂಡದ್ದು ಏನೆಂದು ನನಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಅಣ್ಣನ ಮಗಳೇ ಕಾಲೇಜಿಗೆ ಹೋಗುವಾಗ ತನ್ನ ಹೆಸರಿನ ಪುರಾಣವನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಆ ಕುರಿ ಕಾಯುವವಳಿಗೆ ಬಹಳ ವರ್ಷ ಮಕ್ಕಳಾಗಲಿಲ್ಲವಂತೆ. ಅಕ್ಕನ ತೊಟ್ಟಿಲು ತೂಗುವುದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಳಂತೆ. ಹಾಗಿದ್ದರೆ ಆ ಹೆಸರು ಕೂಸಿಗಿಂತ ನನಗೇ ಸರಿಯಾಗಿತ್ತು. ಆದರೆ ಅವತ್ತು ಆ ಹೆಂಗಸು ಅದನ್ನು ನನಗೆ ಹೇಳದೆ ಬಟ್ಟೆ ಹಿಂಡಿದರು. ಹೇಳಿದ್ದರೆ ಜಗಳವಾಡಲು ನನಗೊಂದು ಕಾರಣವಾದರೂ ಸಿಗುತ್ತಿತ್ತು.

ಕಾರಣ ಸಿಗದವಳು ಇದ್ದದ್ದನ್ನೇ ಕಾರಿಕೊಂಡೆ. "ತಾರಾ ಅಂತ ಇಡ್ಬೇಕಂತಿದ್ದೆ ನಾನು. ನನ್ನ ಮಗಳಿಗೆ ಅಂತ ಇಟ್ಕೊಂಡಿದ್ದು. ಅದನ್ನ ಕೊಡಾಕೆ ಬಂದಿದ್ದೆ" ಅಂದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಿಸಿಕೊಂಡವರು ಅವರೊಬ್ಬರೇ.

ನರ್ಸಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟರು. ಆಮೇಲೆ, "ನಾನು ಆರಿಸಿದ ಹೆಸರಲ್ಲ ತಂಗಿ. ಕಿವಿಯಲ್ಲಿ ಇದನ್ನೇ ಹೇಳಿ ಎಂದು ನಿಮ್ಮ ಅಮ್ಮನೇ ಹೇಳಿದ್ದು. ನನ್ನ ಅಮ್ಮನ ಹೆಸರು ಇವರಿಗೆ ಹೇಗೆ ಗೊತ್ತಾಯಿತು ಎಂದು ನನಗೇ ಅಳು ಬಂತು" ಅಂದರು.

ನಾನು ನೆಟ್ಟಗೆ ಅವ್ವನ ಹತ್ತಿರ ಹೋದೆ. ಅವ್ವ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡಿದ್ದಳು. ಅವಳ ಬಾಯಲ್ಲಿ ಅದಿಲ್ಲದ ಹೊತ್ತೇ ಇರಲಿಲ್ಲ. "ರೇಚೆಲ್ಲೋ ಪಾಚೆಲ್ಲೋ ನಂಗೇನ್ ಗೊತ್ತು? ನಾನು ರಾಚವ್ವ ಅಂದೆ. ನಮ್ಮವ್ವನ ಹೆಸರು" ಅಂದಳು. ಆ ಅಡಿಕೆ ತುಂಬಿದ ಬಾಯಿಂದ, ಹೆಂಗಸರ ಗಲಾಟೆಯಲ್ಲಿ, 'ರಾಚ...' ಅನ್ನುವಷ್ಟು ನರ್ಸಮ್ಮನ ಕಿವಿಗೆ ಹೋಗಿದೆ. ಉಳಿದದ್ದನ್ನು ಅವರ ಕಿವಿಯೇ ತುಂಬಿಕೊಂಡಿದೆ. ಅವರು ಅಂದದ್ದನ್ನು ಅವ್ವ, ಕರಾವಳಿಯವರು ರಾಚವ್ವ ಅನ್ನುವ ರೀತಿಯೇ ಹೀಗಿರಬೇಕು ಅಂದುಕೊಂಡಿದ್ದಾಳೆ. ಇಬ್ಬರೂ ತಮ್ಮ ತಮ್ಮ ತಾಯಿಯ ಹೆಸರಿಟ್ಟು ಹಿಗ್ಗಿ ಕೂತಿದ್ದರು. ತಾಯಿಯಾಗದ ನಾನು ನಡುವೆ ನಿಂತಿದ್ದೆ.

"ಆಯಮ್ಮಗೆ ಹೇಳಿಬರ್ತೀನಿ ತಾಳು, ಅದು ನಿಮ್ಮ ತಾಯಿ ಹೆಸರಲ್ಲ, ನಮ್ಮಜ್ಜಿ ಹೆಸರು ಅಂತ" ಎಂದು ತಿರುಗಿದೆ.

ಅವ್ವ ನನ್ನ ಕೈ ಹಿಡಿದಳು. ಗಟ್ಟಿಯಾಗಿಯೇ ಹಿಡಿದಳು. "ಬಾಯಿ ಬಿಟ್ಟೀಯಾ ಜೋಕೆ. ಹಿಂದಿಲ್ಲ ಮುಂದಿಲ್ಲ ಆಕೆಗೆ. ಒಂದು ಹೆಸರಿನ ಸಂತೋಷ ಇಟ್ಕೊಳ್ಳಿ ಬಿಡು."

ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಹೆಸರು ಹೋದದ್ದಲ್ಲ. ಅವ್ವ ಅವರ ಸಂತೋಷ ಕಾಯಲು ನನ್ನ ಕೈ ಹಿಡಿದು ನಿಲ್ಲಿಸಿದ್ದು. ನನ್ನ ಸಂತೋಷಕ್ಕೆ ಯಾರ ಕೈಯನ್ನು ಹಿಡಿದಿದ್ದಳು ಅವ್ವ?

ನಾನು ಬಾಯಿ ಬಿಡಲಿಲ್ಲ. ಒಳ್ಳೆಯತನದಿಂದ ಅಲ್ಲ, ಅವ್ವನ ಹೆದರಿಕೆಯಿಂದ. ಒಂದು ಸಲ ಮಾತ್ರ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೂಸಿಗೆ ಐದು ತುಂಬುವ ಹೊತ್ತಿಗೆ ನರ್ಸಮ್ಮನಿಗೆ ಅವರ ಊರ ಕಡೆಗೆ ವರ್ಗವಾಯಿತು. ಹೊರಡುವ ವಾರ ನಾನು ತವರಿನಲ್ಲಿದ್ದೆ. ಸಾಮಾನು ಕಟ್ಟಲು ಅವ್ವ ನನ್ನನ್ನೇ ಕಳಿಸಿದಳು. ಕೋಣೆಯಲ್ಲಿ ಕಟ್ಟುವಂಥದ್ದು ಹೆಚ್ಚೇನೂ ಇರಲಿಲ್ಲ. ಉಣ್ಣೆಯ ಉಂಡೆಗಳನ್ನು ಚೀಲಕ್ಕೆ ತುಂಬುತ್ತ ನಾನು ಈಗ ಹೇಳಿಯೇಬಿಡಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರೇ ಮಾತು ತೆಗೆದರು.

"ನಿಮ್ಮ ಮೇಲೆ ನನಗೆ ಒಂದು ಹೊಟ್ಟೆಕಿಚ್ಚು ಉಂಟು, ಗೊತ್ತುಂಟಾ?"

ನನಗೆ ನನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ನನ್ನಲ್ಲಿ ಏನಿದೆ ಅಂತ?

"ನಮ್ಮಲ್ಲಿ ಪಾದ್ರಿಯವರು ನೀರು ಹಾಕಿ ಹೆಸರಿಡುವುದು. ಅತ್ತೆಗೆ ಎಂತದೂ ಇಲ್ಲ. ನನ್ನ ಅಣ್ಣನಿಗೆ ಮೂರು ಮಕ್ಕಳು, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದಷ್ಟೆ. ನಿಮ್ಮಲ್ಲಿ ಅತ್ತೆ ಇಲ್ಲದಿದ್ದರೆ ಹೆಸರೇ ಇಲ್ಲ. ನಾನು ಒಂದು ದಿನ ನಿಮ್ಮ ಜಾಗದಲ್ಲಿ ಕೂತು ಗುದ್ದು ತಿಂದೆ, ಅಷ್ಟೆ. ಜಾಗ ನಿಮ್ಮದೇ."

ನಾನೇನೂ ಕರಗಿಹೋಗಲಿಲ್ಲ. ಉಂಡೂ ಹೋದ ಕೊಂಡೂ ಹೋದ ಅನ್ನುವಂತೆ, ಹಕ್ಕನ್ನೂ ತಗೊಂಡು ಈಗ ಹೊಟ್ಟೆಕಿಚ್ಚನ್ನೂ ತಗೊಳ್ಳುತ್ತಿದ್ದಾರಲ್ಲ ಅನ್ನಿಸಿತು. ಅದೊಂದಾದರೂ ನನ್ನ ಸ್ವಂತದ್ದೆಂದು ತಿಳಿದಿದ್ದೆ. ಆದರೆ ಹೇಳಬೇಕೆಂದಿದ್ದ ಮಾತು ಮಾತ್ರ ಗಂಟಲಲ್ಲೇ ಉಳಿಯಿತು, ಆ ಖ ಅಕ್ಷರದ ಹಾಗೆ.

ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನ ಮಗಳು ಅವರ ಸೆರಗು ಬಿಡಲಿಲ್ಲ. ಕಂಡಕ್ಟರು ಎರಡು ಸಲ ಸೀಟಿ ಊದಿದ. ಎತ್ತಿಕೊಳ್ಳಲು ಹೋದ ನನ್ನ ಕೈಯನ್ನು ಆ ಹುಡುಗಿ ಕಚ್ಚಿದಳು. ಗುರುತು ಹೋಗಲು ಒಂದು ವಾರ ಬೇಕಾಯಿತು.

ಆಮೇಲೆ ಆ ಹೆಸರು ಊರೂರು ತಿರುಗಿ ಪಟ್ಟ ಪಾಡು ಒಂದೆರಡಲ್ಲ. ಶಾಲೆಯಲ್ಲಿ ಮೇಷ್ಟ್ರು 'ರಾಚಲಾ' ಎಂದು ಬರೆದುಕೊಂಡರು. ರೇಷನ್ ಕಾರ್ಡಿನಲ್ಲಿ ರಾಚಮ್ಮ. ಆಧಾರಿನಲ್ಲಿ ರೇಚಲ್. ಓಣಿಯಲ್ಲಿ ರಾಚಿ. ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಯವರು ಹೆಣ್ಣು ನೋಡಲು ಬಂದಾಗ, "ಹುಡುಗಿ ಹೆಸರು ಹಿಂಗ್ಯಾಕೆ?" ಎಂದು ಮೆಲ್ಲಗೆ ಕೇಳಿದರು. ಅವ್ವ ಆಗಿನ್ನೂ ಇದ್ದಳು. "ರಾಚವ್ವ ಅಂತ, ನಮ್ಮ ಹಿರೇರ ಹೆಸರು ಕಣ್ರಿ" ಅಂದಳು. ಲಗ್ನಪತ್ರಿಕೆಯಲ್ಲಿ ಗಂಡಿನ ಕಡೆಯವರು 'ಚಿ. ಸೌ. ರಾಜೇಶ್ವರಿ' ಎಂದೇ ಅಚ್ಚು ಹಾಕಿಸಿಬಿಟ್ಟರು. ನಾನು ಅದನ್ನು ಓದಿ ಒಳಗೊಳಗೇ ನಕ್ಕೆ. ತಾರಾ ಅಂತ ಇಟ್ಟಿದ್ದರೆ ಮೇಷ್ಟ್ರು, ತಾಲ್ಲೂಕು ಕಚೇರಿ, ಬೀಗರು ಯಾರೂ ಕೆಡಿಸಲು ಆಗುತ್ತಿರಲಿಲ್ಲ. ಇದನ್ನು ಯಾರ ಹತ್ತಿರವಾದರೂ ಹೇಳಬೇಕೆನ್ನಿಸುತ್ತಿತ್ತು. ಹೇಳಲು ಆ ಹೆಸರು ಗೊತ್ತಿದ್ದವರು ಒಬ್ಬರೇ. ಅವರು ಸಮುದ್ರದ ದಂಡೆಯಲ್ಲಿದ್ದರು.

ನರ್ಸಮ್ಮ ಹೋದ ವರ್ಷ ತೀರಿಕೊಂಡರಂತೆ. ಆಸ್ಪತ್ರೆಯಲ್ಲಿ ಅವರ ಕಾಲದಲ್ಲಿ ಆಯಾ ಆಗಿದ್ದವಳು ಅತ್ತಿಗೆಗೆ ಸಂತೆಯಲ್ಲಿ ಹೇಳಿದಳಂತೆ, ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದಳು. ಫೋನು ಇಟ್ಟ ಮೇಲೆ ಮಿಷನ್ನಿನ ಮುಂದೆ ಕೂತೆ. ದಾರ ಪೋಣಿಸಲು ಆಗಲಿಲ್ಲ. ಕಣ್ಣು ಮಂಜಾಗಿದೆ, ಪೊರೆ ಬಂದಿರಬೇಕು ಎಂದು ಗಂಡನಿಗೆ ಹೇಳಿದೆ.

ಈಗ ರಾಚಿಗೆ ಹೆಣ್ಣು ಕೂಸು. ಹೆರಿಗೆಗೆಂದು ಜಗಳೂರಿಗೆ ಬಂದಿದ್ದಳು. ತೊಟ್ಟಿಲ ದಿನಕ್ಕೆ ನಾನು ಹಿಂದಿನ ದಿನವೇ ಬಂದು ಕೂತಿದ್ದೆ. ಈ ಸಲ ಹಕ್ಕು ನನ್ನದಲ್ಲ, ಆದರೂ ಬಸ್ಸನ್ನು ನಂಬುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಚನ್ನಗಿರಿಯಿಂದ ಅವಳ ನಾದಿನಿ ಹೊತ್ತಿಗೆ ಸರಿಯಾಗಿ ಬಂದಿಳಿದಳು. ಮೊಬೈಲಿನಲ್ಲಿ ಹುಡುಕಿದ ಯಾವುದೋ ಹೊಸ ಹೆಸರನ್ನು ಕಿವಿಯಲ್ಲಿ ಊದಿದಳು. ಎಲ್ಲರೂ ಗುದ್ದಿದರು. ನಾನೂ ಒಂದು ಗುದ್ದಿದೆ, ಹೂವಿನಷ್ಟು ಹಗುರ. ತೊಟ್ಟಿಲಲ್ಲಿ ಕೂಸು ಉಣ್ಣೆ ಕುಲಾವಿ ಹಾಕಿಕೊಂಡು ಮಲಗಿತ್ತು.

ಜನ ಉಂಡು ಹೋದ ಮೇಲೆ ಮಧ್ಯಾಹ್ನ ಬಾಣಂತಿ ಕೋಣೆಯಲ್ಲಿ ನಾನು, ರಾಚಿ, ಕೂಸು ಅಷ್ಟೇ ಉಳಿದೆವು. ನರ್ಸಮ್ಮ ಇದ್ದ ಅದೇ ಮುಂದಿನ ಕೋಣೆ. ರಾಚಿ ಕುಲಾವಿಯ ಅಂಚನ್ನು ಬೆರಳಲ್ಲಿ ಸವರುತ್ತ, "ಅತ್ತೆ, ನರ್ಸಮ್ಮ ನನ್ನ ಯಾವತ್ತೂ ರೇಚೆಲ್ ಅಂತ ಕರೀತಿರ್ಲಿಲ್ಲ, ಗೊತ್ತಾ?" ಅಂದಳು.

"ಮತ್ತೇನಂತಿದ್ರು, ರಾಚಿ ಅಂತಾನಾ?"

"ಎಲ್ರ ಮುಂದೆ ಕೂಸು, ಕೂಸು ಅಂತಿದ್ರು. ಈ ಕೋಣೇಲಿ ನಾವಿಬ್ರೇ ಇದ್ದಾಗ ಮಾತ್ರ ತಾರಾ ಅಂತಿದ್ರು. ತಾರಾ ಬಾ, ತಾರಾ ಉಣ್ಣು, ತಾರಾ ಮಲ್ಕೋ. ಹೆಂಗೆ ಕರೀತಿದ್ರು ಅಂತೀಯ... ಮಂಗಳೂರಿನ ಗೆಳತಿ ಒಬ್ಳು ಹೇಳಿದ್ಲು, ತುಳುವಲ್ಲಿ ತಾರಾಯಿ ಅಂದ್ರೆ ತೆಂಗಿನಕಾಯಂತೆ. ಚಿಕ್ಕೋಳಿದ್ದಾಗ ನಂಗೆ ತಲೆ ಬೋಳಿಸಿದ್ರಲ್ಲ, ಅದಕ್ಕೇ ಇರ್ಬೇಕು ಅಂದ್ಕೊಂಡು ಸುಮ್ನಾದೆ." ಹೇಳಿ ನಕ್ಕಳು.

ನಾನು ನಗಲಿಲ್ಲ. ಗೋಡೆಗೆ ಒರಗಿಕೊಂಡೆ. ಅದು ತೆಂಗಿನಕಾಯಲ್ಲ. ಒಗೆಯುವ ಕಲ್ಲಿನ ಹತ್ತಿರ ಜಗಳದಲ್ಲಿ ನಾನು ಎಸೆದುಹೋದದ್ದನ್ನು ಆ ಹೆಂಗಸು ಎತ್ತಿಕೊಂಡಿದ್ದರು. ತಮ್ಮ ಅಮ್ಮನ ಹೆಸರನ್ನು ಪಕ್ಕಕ್ಕಿಟ್ಟು, ಯಾರಿಗೂ ಕೇಳಿಸದ ಹಾಗೆ ಬಾಗಿಲು ಮುಂದಕ್ಕೆ ಹಾಕಿಕೊಂಡು, ಐದು ವರ್ಷ ನನ್ನ ಹೆಸರನ್ನು ಬಾಯಿ ತುಂಬ ಕರೆದಿದ್ದರು. ನನಗೊಂದು ಮಾತು ಹೇಳಿರಲಿಲ್ಲ. ಸಾಮಾನು ಕಟ್ಟಿದ ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ಅದನ್ನೂ ಕಿತ್ತುಕೊಳ್ಳುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತೇನೋ...

ಅವರು ಇದ್ದಿದ್ದರೆ ಇವತ್ತೇ ಬಸ್ಸು ಹತ್ತಿ ಹೋಗಿ, ಆ ಬೆನ್ನಿಗೆ ಇನ್ನೊಂದು ಕೊಡುತ್ತಿದ್ದೆ. ಆಮೇಲೆ ಅದೇ ಬೆನ್ನನ್ನು ಹಿಡಿದುಕೊಂಡು ಅಳುತ್ತಿದ್ದೆ. ಎರಡಕ್ಕೂ ಈಗ ಅವರಿಲ್ಲ.

ರಾಚಿ ನನ್ನ ಕಡೆ ಬೆನ್ನು ಮಾಡಿ ಕೂಸಿಗೆ ಹೊದಿಕೆ ಸರಿಮಾಡುತ್ತಿದ್ದಳು. ಇಷ್ಟು ವರ್ಷ ಮಿಷನ್ನಿನ ಸದ್ದಿನಲ್ಲಿ ಬಚ್ಚಿಟ್ಟದ್ದನ್ನು ಮೆಲ್ಲಗೆ ಹೊರಗೆ ಬಿಟ್ಟೆ.

"ತಾರಾ."

"ಹ್ಞಾಂ?" ಎಂದು ಅವಳು ತಟ್ಟನೆ ತಿರುಗಿದಳು. ಐದು ವರ್ಷದ ಮಗುವಿನ ದನಿ ಅದು. ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆಗೆ ಹೋಯಿತು, ಕರೆದವರನ್ನು ಹುಡುಕುತ್ತ.